ಎಕ್ಸ್‌ಚೇಂಜ್ ಅಕ್ಕ ಮತ್ತು ಮೂರು ತಾಲ್ಲೂಕಿನ ‘ಜಜಜಜಜ’

ಎಕ್ಸ್‌ಚೇಂಜ್ ಅಕ್ಕನ ಬಲಗಿವಿ ಎಲ್ಲರ ಕಿವಿ ಹಾಗೆ ಸ್ವಲ್ಪ ಹೊರಗೆ ನಿಂತಿತ್ತು. ಎಡಗಿವಿ ಮಾತ್ರ ಇಸ್ತ್ರಿ ಹಾಕಿ ತಲೆಗೆ ಅಂಟಿಸಿದ ಹಾಗಿತ್ತು. ಅಲ್ಲಿಂದ ನೆತ್ತಿ ದಾಟಿ ಆ ಕಡೆ ಕಿವಿವರೆಗೆ ಒಂದು ಅಡ್ಡ ಬೈತಲೆ. ವರ್ಷಗಟ್ಟಲೆ ಹೆಡ್‌ಸೆಟ್ಟು ಕೂತು ಕೂತು ಆ ಜಾಗದ ಕೂದಲು ಬೇಜಾರಾಗಿ ಬೆಳೆಯೋದನ್ನೇ ಬಿಟ್ಟಿತ್ತು. ಹಣೆಯಿಂದ ಹಿಂದಕ್ಕೆ ಹೋಗೋ ಮಾಮೂಲಿ ಬೈತಲೆ ಜೊತೆ ಇದೂ ಸೇರಿ ನೆತ್ತಿ ಮೇಲೆ ಸರಿಯಾಗಿ ಒಂದು ಪ್ಲಸ್ ಗುರುತು.

ನಾನು ಕೆಲಸಕ್ಕೆ ಸೇರಿದ ಮೊದಲನೇ ದಿನವೇ, ನಾಲಿಗೆ ತಡೀಲಾರದೆ, "ಅಕ್ಕಾ, ನಿಮ್ಮ ತಲೆ ಮೇಲೆ ಕೂಡೋ ಲೆಕ್ಕ ಇದೆ" ಅಂದೆ.

"ನಿನ್ನ ತಲೆ ಒಳಗೆ ಅದೂ ಇಲ್ಲ ಮಾರಾಯ" ಅಂದ್ರು ಅವರು, ಜೆರಾಕ್ಸ್ ಮೆಷೀನಿಂದ ಕಣ್ಣು ಎತ್ತದೆ.

ಹಿಂದೆ ಅವರು ಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್. ಆಗೆಲ್ಲ ಫೋನೆತ್ತಿದ್ರೆ ಮೊದಲು ಅಕ್ಕನ ದನಿ ಬರ್ತಿತ್ತಂತೆ. ಅವರು ಬೋರ್ಡಿಗೆ ವೈರು ಚುಚ್ಚಿದ ಮೇಲೇ ಆ ಕಡೆ ಮನೆ ಗಂಟೆ ಹೊಡೀತಿದ್ದದ್ದು. ಜನ ನಂಬರ್ ಹೇಳೋ ಗೋಜಿಗೇ ಹೋಗ್ತಿರ್ಲಿಲ್ಲ. "ಅಕ್ಕಾ, ಡಾಕ್ಟ್ರಿಗೆ ಕೊಡಿ" ಅಂದ್ರೆ ಡಾಕ್ಟ್ರು, "ಅಕ್ಕಾ, ನಮ್ಮ ಭಾವನಿಗೆ ಕೊಡಿ" ಅಂದ್ರೆ ಭಾವ. ಯಾರ ಭಾವ ಅಂತ ಅಕ್ಕ ದನಿಯಲ್ಲೇ ಕಂಡುಹಿಡೀತಿದ್ರು. ಆಮೇಲೆ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬಂತು, ವೈರು ಚುಚ್ಚೋರು ಬೇಡವಾದ್ರು. ಅಕ್ಕ ಕೆಲಸ ಬಿಟ್ಟು ಬಸ್ ಸ್ಟ್ಯಾಂಡ್ ಹತ್ರ ಎಸ್‌ಟಿಡಿ ಬೂತು, ಜೆರಾಕ್ಸು, ಡಿಟಿಪಿ ಎಲ್ಲ ಒಂದೇ ಕೋಣೆಯಲ್ಲಿ ಶುರು ಮಾಡಿದ್ರು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಸಮಯಕ್ಕೆ ನಾನು ಅಲ್ಲಿಗೆ ವಕ್ಕರಿಸಿದೆ. ಶಿವಮೊಗ್ಗದಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿ, ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಹಾಕಿಸಿಕೊಂಡು ಬಂದಿದ್ದೆ. ನನ್ನ ಹತ್ರ ಇದ್ದ ವಿದ್ಯೆಯಲ್ಲಿ ನೀರು ಬಿದ್ರೂ ಹಾಳಾಗದ್ದು ಅಂದ್ರೆ ಆ ಲ್ಯಾಮಿನೇಶನ್ ಒಂದೇ.

ಅಕ್ಕನ ಒಂದು ಅಭ್ಯಾಸ ಹೇಳ್ಬೇಕು. ಅವರಿಗೆ ಯಾರು ಏನು ಹೇಳಿದ್ರೂ ಅದನ್ನ ಹಾಗೇ ತಿರುಗಿ ಹೇಳ್ತಿದ್ರು. ಬೂತಿಗೆ ಬಂದೋರು ನಂಬರ್ ಹೇಳಿದ್ರೆ ಒಂದೊಂದೇ ಅಂಕಿ ಬಿಡಿಸಿ ವಾಪಸ್ ಹೇಳಿ, ಅವರು ಹೂಂ ಅಂದ ಮೇಲೇ ಡಯಲ್ಲು. ಆಪರೇಟರ್ ಕಾಲದ ನಿಯಮ ಅದು. ಆದ್ರೆ ಅವರಿಗೆ ಅದು ಮೈಗೇ ಹತ್ತಿತ್ತು. ಹೋಟೆಲ್ ಮಾಣಿ "ಇಡ್ಲಿ ಖಾಲಿ, ಬನ್ಸ್ ಇದೆ" ಅಂದ್ರೆ "ಇಡ್ಲಿ ಖಾಲಿ, ಬನ್ಸ್ ಇದೆ" ಅಂತ ಒಪ್ಪಿಸಿ, "ಹಾಗಾದ್ರೆ ಬನ್ಸ್ ತಾ" ಅನ್ನೋರು. ಯಾರಾದ್ರೂ ಬಂದು ಕಷ್ಟ ಹೇಳಿಕೊಂಡ್ರೂ ಅಷ್ಟೇ. "ಮಗ ಮಾತು ಬಿಟ್ಟಿದ್ದಾನೆ" ಅಂದ್ರೆ "ಮಗ ಮಾತು ಬಿಟ್ಟಿದ್ದಾನೆ" ಅಂತ ನಿಧಾನ ಹೇಳಿ, ಸ್ವಲ್ಪ ಬಿಟ್ಟು, ತಮ್ಮದೊಂದು ಮಾತು ಸೇರಿಸೋರು. ಬಂದೋರಿಗೆ ಅಷ್ಟಕ್ಕೇ ಅರ್ಧ ಸಮಾಧಾನ.

"ಎಂತಕ್ಕೆ ಅಕ್ಕಾ ಈ ಗಿಳಿಪಾಠ?" ಅಂತ ಒಮ್ಮೆ ಕೇಳಿದೆ.

"ಹೇಳಿದ್ದನ್ನ ಹಿಡ್ಕೋಬೇಕು, ಹಾಗೇ ವಾಪಸ್ ಕೊಡ್ಬೇಕು, ಆಮೇಲೆ ನಮ್ಮದು ಸೇರಿಸ್ಬೇಕು. ನೀನು ಮೊದಲಿನ ಎರಡು ಬಿಟ್ಟು ಬರೀ ನಿಂದೇ ಸೇರಿಸ್ತೀಯ. ಅದಕ್ಕೇ ನಿನ್ನ ಕೆಲಸ ಎಲ್ಲ ಲತಾವಾರ ಆಗೋದು."

ಲತಾವಾರದ ಕಥೆ ಇಷ್ಟು. ಭಾನು ಅನ್ನೋ ಹುಡುಗಿ ಲಗ್ನಪತ್ರಿಕೆ ಮಾಡಿದ್ದೆ. ಆಮೇಲೆ ಲತಾ ಅನ್ನೋ ಹುಡುಗಿದು ಬಂತು. ಹೊಸದಾಗಿ ಯಾಕೆ ಟೈಪ್ ಮಾಡೋದು ಅಂತ, ಹಳೇದನ್ನೇ ತೆಗೆದು ‘ಭಾನು’ ಇದ್ದಲ್ಲೆಲ್ಲ ‘ಲತಾ’ ಹಾಕು ಅಂತ ಕಂಪ್ಯೂಟರಿಗೆ ಅಪ್ಪಣೆ ಕೊಟ್ಟೆ. ಅದು ವಿಧೇಯತೆಯಿಂದ ಭಾನುವಾರವನ್ನೂ ಬಿಡಲಿಲ್ಲ. ಹುಡುಗಿ ಅಪ್ಪ ಬಂದು ಅಂಗಡಿ ಎದುರು ಪತ್ರಿಕೆ ಬೀಸುತ್ತಾ ನಿಂತಾಗ ಅಕ್ಕ ನನ್ನ ಕಡೆ ತಿರುಗಿ ಶಾಂತವಾಗಿ ಕೇಳಿದ್ರು: "ಲತಾವಾರ ಯಾವಾಗ ಬರ್ತದೆ ಮಾರಾಯ? ಅವತ್ತು ಅಂಗಡಿಗೆ ರಜೆ ಕೊಡ್ಬೇಕಾ?"

ಇಂಥ ನನ್ನನ್ನ ಅವರು ಇಟ್ಕೊಂಡಿದ್ದು ಟೆಲಿಫೋನ್ ಡೈರೆಕ್ಟರಿ ಕೆಲಸಕ್ಕೆ.

ಅದು ಶುರುವಾದದ್ದು ಕೆರೆಕಟ್ಟೆ ಅಮ್ಮನಿಂದ. ಕಾಡಂಚಿನ ಮನೆ ಅವರದ್ದು, ಬಸ್ಸು ಕಂಡ್ರೆ ಹಬ್ಬ. ಸೊಸೆಗೆ ಹೆರಿಗೆ ನೋವು ಬಂದಾಗ ಮನೆಯಲ್ಲಿ ಗಂಡಸರು ಯಾರೂ ಇರ್ಲಿಲ್ಲ. ಅಮ್ಮ ಗಾಬರಿಯಲ್ಲಿ ಹಳೇ ಅಭ್ಯಾಸದಂತೆ ಫೋನೆತ್ತಿ "ಅಕ್ಕಾ, ಜೀಪಿಗೆ ಕೊಡಿ, ಅಕ್ಕಾ!" ಅಂತ ಕೂಗಿದ್ದಾರೆ. ಆ ಕಡೆಯಿಂದ ಡಯಲ್ ಟೋನು ಗುಂಯ್ ಅಂದಿದೆ ಅಷ್ಟೇ. ರಸ್ತೆವರೆಗೆ ಓಡಿ ಯಾರದೋ ಪಿಕಪ್ಪು ನಿಲ್ಲಿಸಿ ಹೇಗೋ ಆಸ್ಪತ್ರೆ ಮುಟ್ಟಿಸಿದ್ರು. ಪುಣ್ಯಕ್ಕೆ ತಾಯಿ ಮಗು ಎರಡೂ ಚೆನ್ನಾಗಿದ್ವು. ಮಗುವಿನ ನಾಮಕರಣಕ್ಕೆ ಕರೆಯೋಕೆ ಬಂದ ಅಮ್ಮ, ಕರೆಯೋದು ಬಿಟ್ಟು ಬೈದ್ರು.

"ಅಲ್ಲ ಅಕ್ಕ, ನೀವಿಲ್ಲದ ಮೇಲೆ ಆ ಫೋನು ಎಂತಕ್ಕೆ? ಹಲಸಿನಕಾಯಿ ಹಪ್ಪಳ ಒಣಗಿಸೋಕಾ? ಕೂಗ್ತೆ ಕೂಗ್ತೆ, ಆ ಕಡೆ ಯಾರೂ ಇಲ್ಲ!"

ಅಕ್ಕ ತಿರುಗಿ ಹೇಳಿದ್ರು: "ಆ ಕಡೆ ಯಾರೂ ಇಲ್ಲ."

ಅವತ್ತು ಅದಕ್ಕೆ ಅವರು ಏನೂ ಸೇರಿಸಲಿಲ್ಲ. ಅವರು ಸೇರಿಸದೆ ಸುಮ್ಮನಾದದ್ದನ್ನ ನಾನು ನೋಡಿದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಬಂದವರೇ, "ಡೈರೆಕ್ಟರಿ ಮಾಡ್ಬೇಕು. ಕನ್ನಡದಲ್ಲಿ. ಮೂರೂ ತಾಲ್ಲೂಕಿಂದು. ಮಳೆ ಹಿಡಿಯೋ ಮೊದಲು ಪ್ರತಿ ಮನೆ ಫೋನಿನ ಪಕ್ಕ ಒಂದೊಂದು ನೇತಾಡ್ತಿರ್ಬೇಕು" ಅಂದ್ರು.

ಅಲ್ಲಿಂದ ಶುರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಅಂತ ಸಿಕ್ಕಿದ ಬಸ್ಸು ಹತ್ತಿ ಅಕ್ಕ ಊರೂರು ತಿರುಗಿದ್ರು. ಮನೆಯವರಿಗೆ ತಮ್ಮ ನಂಬರ್ರೇ ಗೊತ್ತಿರ್ತಿರ್ಲಿಲ್ಲ. "ನಮಗೆ ನಾವೇ ಫೋನ್ ಮಾಡ್ಕೊಳ್ತೀವಾ ಮಾರಾಯ್ರೇ?" ಅನ್ನೋರು. ಅಕ್ಕ ಬಿಲ್ಲು ಹುಡುಕಿಸಿ, ನಂಬರ್ ಓದಿಸಿ, ತಿರುಗಿ ಹೇಳಿ, ಕಾಫಿ ಕುಡಿದು ಬರೋರು. ನಾನು ಟೈಪ್ ಮಾಡೋನು. ಹೆಸರು, ಒಂದು ಕಾಮಾ, ಹಳ್ಳಿ ಇಲ್ಲಾ ಮನೆ ಹೆಸರು, ಆಮೇಲೆ ಟ್ಯಾಬ್ ಹೊಡೆದು ಐದಂಕಿ ನಂಬರು. ಪ್ರತಿ ಊರಿನ ತಲೆಬರಹದಲ್ಲಿ ಎಸ್‌ಟಿಡಿ ಕೋಡು, ಪಿನ್ ಕೋಡು. ದಿನದ ಕೆಲಸ ಮುಗಿದ ಮೇಲೆ ಅಕ್ಕ ಅದನ್ನ ಫ್ಲಾಪಿಗೆ ಹಾಕಿಸಿಕೊಂಡು, ಅಂಗಡಿ ಹಿಂದಿನ ತಮ್ಮ ಮನೆಯ ಅಕ್ಕಿ ಡಬ್ಬದಲ್ಲಿ ಹೂತಿಡೋರು. ನಮ್ಮೂರ ತಂಡಿಗೆ ಫ್ಲಾಪಿಗೆ ಬೂಸಲು ಬರ್ತದೆ, ಅಕ್ಕಿ ನೀರು ಎಳ್ಕೊಳ್ತದೆ ಅನ್ನೋದು ಅವರ ಸಿದ್ಧಾಂತ.

ಶಿವಮೊಗ್ಗದ ಪ್ರೆಸ್ಸಿನವರು ಸೋಮವಾರ ಮಧ್ಯಾಹ್ನದೊಳಗೆ ಫೈಲು ತನ್ನಿ ಅಂದಿದ್ರು. ತಪ್ಪಿದ್ರೆ ಸ್ಕೂಲ್ ನೋಟ್‌ಬುಕ್ಕಿನ ಸೀಸನ್ನು, ಆಮೇಲೆ ನಮ್ಮದು ಮಳೆಗಾಲ ಕಳೆದ ಮೇಲೇ. ಶುಕ್ರವಾರ ಸಂಜೆಗೇ ಎಲ್ಲ ಮುಗೀತು ಅಂತ ಶನಿವಾರ ಬೆಳಿಗ್ಗೆ ನಾನು ಕುರ್ಚಿಯಲ್ಲಿ ಕಾಲು ಚಾಚಿದ್ದೆ. ಆಗ ಬೂತಿಗೆ ಬಂದ ಲೈನ್‌ಮ್ಯಾನ್ ಒಬ್ಬ, "ಸೋಮವಾರದಿಂದ ಎಲ್ಲಾ ನಂಬರಿನ ಮುಂದೆ ಎರಡು ಅನ್ನೋ ಅಂಕಿ ಸೇರ್ತದಲ್ಲ ಅಕ್ಕ, ನಿಮ್ಮ ಪುಸ್ತಕದಲ್ಲಿ ಹಾಕಿದೀರಾ?" ಅಂದ.

ಇಲಾಖೆಯವರು ಪೇಪರಲ್ಲಿ ಹಾಕಿಸಿದ್ರಂತೆ. ಆ ಪೇಪರ್ ನಾನೂ ನೋಡಿದ್ದೆ. ಅದರಲ್ಲಿ ಬನ್ಸ್ ಕಟ್ಟಿಸಿಕೊಂಡು ಬಂದಿದ್ದೆ.

ಅಕ್ಕನ ಮುಖ ಬಾಡಿತು. "ಎಲ್ಲ ಮನೆದೂ ತಿದ್ದಬೇಕು. ಸೋಮವಾರದೊಳಗೆ ಕೈಯಲ್ಲಿ ಆಗೋದಲ್ಲ."

ಆಗ ನಾನು ಎದ್ದು ನಿಂತೆ. ಯುದ್ಧಕ್ಕೆ ಹೊರಟ ಉತ್ತರಕುಮಾರನೂ ಅಷ್ಟು ಎದೆ ಉಬ್ಬಿಸಿರ್ಲಿಕ್ಕಿಲ್ಲ. "ಅಕ್ಕಾ, ಕೋರ್ಸಲ್ಲಿ ಇದನ್ನ ಹೇಳಿಕೊಟ್ಟಿದ್ದಾರೆ. ಬ್ಯಾಕ್‌ಸ್ಲಾಶ್ ಅಂದ್ರೆ ಎಡಕ್ಕೆ ವಾಲಿದ ಗೀಟು, ಅದರ ಜೊತೆ ಡಿ ಬರೆದ್ರೆ ಯಾವುದಾದ್ರೂ ಒಂದು ಅಂಕಿ ಅಂತ ಅರ್ಥ. ಐದು ಸಲ ಬರೆದ್ರೆ ಐದಂಕಿ ನಂಬರು. ಅದನ್ನ ಹುಡುಕಿ ಮುಂದೆ ಎರಡು ಹಾಕು ಅಂದ್ರಾಯ್ತು. ಚಿಟಿಕೆ ಹೊಡೀರಿ ನೀವು."

ಹುಡುಕೋ ಡಬ್ಬಿಯಲ್ಲಿ ಬ್ಯಾಕ್‌ಸ್ಲಾಶ್ ಡಿ ಐದು ಸಲ ಬರೆದೆ. ಬದಲಿಸೋ ಡಬ್ಬಿಯಲ್ಲಿ ‘2’ ಬರೆದು, ಅದರ ಬೆನ್ನಿಗೆ ಮತ್ತೆ ಬ್ಯಾಕ್‌ಸ್ಲಾಶ್ ಡಿ ಐದು ಸಲ. ‘ಎಲ್ಲಾ ಬದಲಿಸು’ ಒತ್ತಿದೆ. ಅಕ್ಕನಿಗೆ ಶೋ ಕೊಡ್ಬೇಕು ಅಂತ ತಕ್ಷಣ ಸೇವ್ ಮಾಡಿ, ಫೈಲ್ ಮುಚ್ಚಿ, ಜಾದೂಗಾರನ ಹಾಗೆ ಕೈಯಾಡಿಸಿ, ಮತ್ತೆ ತೆರೆದೆ.

ಕಂಪ್ಯೂಟರು ನಾನು ಬರೆದಿದ್ದನ್ನ ಅಕ್ಷರಶಃ ಹಾಕಿತ್ತು. ಬ್ಯಾಕ್‌ಸ್ಲಾಶನ್ನ ನುಂಗಿ, ಡಿ ಮಾತ್ರ ಉಳಿಸಿತ್ತು. ನಮ್ಮ ಕನ್ನಡ ಫಾಂಟಿನಲ್ಲಿ ಇಂಗ್ಲಿಷ್ ಡಿ ಇದ್ದಲ್ಲಿ ‘ಜ’ ಕಾಣ್ತದೆ. ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ ಫೋನಿದ್ದ ಪ್ರತಿಯೊಬ್ಬರ ನಂಬರೂ ಈಗ ಒಂದೇ: ‘2ಜಜಜಜಜ’.

ಅಕ್ಕ ಕನ್ನಡಕ ಏರಿಸಿ ಓದಿದ್ರು. ಅಭ್ಯಾಸಬಲ, ತಿರುಗಿ ಹೇಳಿಯೇ ಹೇಳಿದ್ರು: "ಎರಡು, ಜ, ಜ, ಜ, ಜ, ಜ." ಆಮೇಲೆ, "ಇದು ಯಾರ ಮನೆಗೆ ಹೋಗ್ತದೆ ಮಾರಾಯ?"

"ಅಕ್ಕಾ... ಹಳೇ ನಂಬರು ಎಲ್ಲ ಹೋದ್ವು."

ಅವರು ಒಳಗೆ ಹೋದ್ರು. ಡಬ್ಬದ ಮುಚ್ಚಳ ತೆಗೆದ ಸದ್ದು. ಫ್ಲಾಪಿಗೆ ಅಂಟಿದ್ದ ಅಕ್ಕಿ ತೌಡನ್ನ ಸೆರಗಲ್ಲಿ ಒರೆಸುತ್ತಾ ಬಂದ್ರು. "ನಿನ್ನೆ ಸಂಜೆದು. ನಿನ್ನ ಮೇಲೆ ನನಗೆ ನಂಬಿಕೆ ಇತ್ತು ಮಾರಾಯ, ಇಂಥದ್ದು ಒಂದು ಮಾಡೇ ಮಾಡ್ತಿ ಅಂತ."

ಫ್ಲಾಪಿ ಗರಗರ ಅಂತ ಓದೋವಷ್ಟು ಹೊತ್ತು ನಾನು ಹರಕೆ ಹೊತ್ತ ದೇವರುಗಳ ಲೆಕ್ಕ ನನಗೇ ಇಲ್ಲ. ಫೈಲು ಬಂತು. ಅಕ್ಕ ಸ್ಟೂಲ್ ಎಳ್ಕೊಂಡು ಪಕ್ಕದಲ್ಲಿ ಕೂತ್ರು. "ಈಗ ಮುಟ್ಬೇಡ. ಮೊದಲು ಇದು ಎಂತ ಮಾಡ್ತದೆ ಹೇಳು."

"ಐದಂಕಿ ಹುಡುಕ್ತದೆ. ಸಿಕ್ಕಿದ್ರೆ ತೆಗೀತದೆ. ಆ ಜಾಗದಲ್ಲಿ ನಾನು ಬರೆದಿದ್ದು ಇಡ್ತದೆ."

"ಐದಂಕಿ ಹುಡುಕ್ತದೆ, ತೆಗೀತದೆ, ನೀನು ಬರೆದಿದ್ದು ಇಡ್ತದೆ." ಸ್ವಲ್ಪ ಬಿಟ್ಟು, "ತೆಗೆದಿದ್ದು ಎಲ್ಲಿಗೆ ಹೋಯ್ತು?"

"ಹೋಯ್ತು."

"ಹೋಗೋಕೆ ಯಾಕೆ ಬಿಟ್ಟೆ? ಹಿಡ್ಕೋ ಅಂತ ಹೇಳಿದ್ಯಾ ಅದಕ್ಕೆ?"

ಹೇಳಿರ್ಲಿಲ್ಲ. ಹೇಳೋಕೆ ಬರ್ತದೆ ಅಂತಲೂ ಗೊತ್ತಿರ್ಲಿಲ್ಲ. ಕೋರ್ಸಲ್ಲಿ ಆ ಪಾಠ ಮಾಡಿದ ದಿನ ನಾನು ಮ್ಯಾಟಿನಿಗೆ ಹೋಗಿದ್ದೆ. ಅಕ್ಕ ಆ ಸಾಫ್ಟ್‌ವೇರಿನ ಹೆಲ್ಪ್ ತೆಗೆಸಿದ್ರು. ನಾನು ಇಂಗ್ಲಿಷ್ ಓದೋದು, ಅವರು ಡಿಕ್ಷನರಿ ನೋಡೋದು. ಒಂದು ಪುಟ ದಾಟೋಕೆ ಎರಡು ಸಲ ಕರೆಂಟು ಹೋಯ್ತು. ಕೊನೆಗೆ ಸಿಕ್ತು. ಹುಡುಕೋದನ್ನ ಬ್ರಾಕೆಟ್ ಒಳಗೆ ಬರೆದ್ರೆ ಸಿಕ್ಕಿದ್ದನ್ನ ಅದು ಹಿಡಿದಿಟ್ಟುಕೊಳ್ತದೆ. ಬದಲಿಸೋ ಕಡೆ ಬ್ಯಾಕ್‌ಸ್ಲಾಶ್ ಒಂದು ಅಂತ ಬರೆದ್ರೆ, ಮೊದಲನೇ ಬ್ರಾಕೆಟಲ್ಲಿ ಹಿಡಿದದ್ದನ್ನ ಹಾಗೇ ವಾಪಸ್ ಕೊಡ್ತದೆ. ಎರಡನೇ ಬ್ರಾಕೆಟ್ ಇದ್ರೆ ಬ್ಯಾಕ್‌ಸ್ಲಾಶ್ ಎರಡು.

ಅಕ್ಕ ಮೊಣಕಾಲಿಗೆ ಹೊಡ್ಕೊಂಡು ನಕ್ರು. "ಇಷ್ಟೇನಾ! ಇದು ನಮ್ಮ ಬೋರ್ಡೇ ಅಲ್ಲನಾ? ಬ್ರಾಕೆಟ್ ಅಂದ್ರೆ ವೈರು ಚುಚ್ಚಿ ಲೈನು ಹಿಡ್ಕೊಂಡ ಹಾಗೆ. ಒಂದನೇ ವೈರು, ಎರಡನೇ ವೈರು. ಹಿಡ್ಕೊಂಡ ಮೇಲೆ ಯಾವುದನ್ನ ಯಾವುದಕ್ಕೆ ಬೇಕಾದ್ರೂ ಕೊಡ್ಬಹುದು."

ಆ ಖುಷಿಯಲ್ಲಿ ಐದಂಕಿ ಸುತ್ತ ಬ್ರಾಕೆಟ್ ಹಾಕಿದೆ. ಬದಲಿಗೆ ಎರಡು, ಬ್ಯಾಕ್‌ಸ್ಲಾಶ್ ಒಂದು. ಬೆರಳು ‘ಎಲ್ಲಾ ಬದಲಿಸು’ ಕಡೆ ತಾನಾಗೇ ಹೊರಟಿತ್ತು. ಅಕ್ಕ ಸ್ಕೇಲಲ್ಲಿ ಫಟ್ ಅಂತ ಕೊಟ್ರು.

"ಒಂದೊಂದೇ ಮಾಡು. ಅದು ಎಂತ ಹಿಡ್ಕೊಂಡಿದೆ ಅಂತ ನನಗೆ ಓದಿ ಹೇಳು. ಹೂಂ ಅಂದ ಮೇಲೆ ಬದಲಿಸು."

ಒಂದೊಂದೇ ಮಾಡಿದೆ. ಮೊಟ್ಟಮೊದಲು ಹಿಡಿದದ್ದೇ ತಲೆಬರಹದ ಎಸ್‌ಟಿಡಿ ಕೋಡು. ಅದೂ ಐದಂಕಿಯೇ ತಾನೆ! ಆಮೇಲೆ ಪಿನ್ ಕೋಡಿನ ಮೊದಲ ಐದಂಕಿಗೆ ಕೈ ಹಾಕಿತು, ಆರನೇದನ್ನ ಬಾಲದ ಹಾಗೆ ಹೊರಗೆ ಬಿಟ್ಟು. ನಾನು ‘ಎಲ್ಲಾ’ ಒತ್ತಿದ್ರೆ ಇಡೀ ಜಿಲ್ಲೆಯ ಅಂಚೆಯೂ ದಾರಿ ತಪ್ಪಿ ಅಲೀತಿತ್ತು.

"ಗುರುತಿನ ಜಾಗ ಹೇಳು ಅದಕ್ಕೆ," ಅಂದ್ರು ಅಕ್ಕ. "ಮನೆ ನಂಬರು ಎಲ್ಲಿರ್ತದೆ?"

"ಟ್ಯಾಬ್ ಆದ ಮೇಲೆ. ಸಾಲಿನ ಕೊನೆಯಲ್ಲಿ."

"ಟ್ಯಾಬ್ ಆದ ಮೇಲೆ, ಸಾಲಿನ ಕೊನೆಯಲ್ಲಿ. ಹಾಗಂತಲೇ ಹೇಳು. ಮತ್ತೆ, ಹ್ಯಾಗೂ ವೈರು ಹಿಡ್ಕೊಂಡಿದೀವಲ್ಲ, ಹೆಸರು ಹಿಂದೆ ಹಾಕಿ ಹಳ್ಳಿ ಮುಂದೆ ತಾ. ನಮ್ಮಲ್ಲಿ ಯಾರು ಮನುಷ್ಯನ ಹೆಸರು ಹುಡುಕ್ತಾರೆ? ಮನೆ ಹೆಸರೇ ಮೊದಲು."

ಮೂರು ಬ್ರಾಕೆಟ್ ಆಯ್ತು. ಹೆಸರು ಒಂದನೇ ವೈರು, ಹಳ್ಳಿ ಎರಡನೇದು, ನಂಬರು ಮೂರನೇದು. ವಾಪಸ್ ಕೊಡುವಾಗ ಮೊದಲು ಎರಡನೇದು, ಆಮೇಲೆ ಒಂದನೇದು, ಟ್ಯಾಬ್ ಹೊಡೆದು ‘2’ ಹಾಕಿ ಅದರ ಬೆನ್ನಿಗೆ ಮೂರನೇದು. ನಾನು ಓದ್ತಾ ಹೋದೆ, ಅಕ್ಕ ಹೂಂ ಅಂತಾ ಹೋದ್ರು. ಒಂದಿಷ್ಟು ಹಳ್ಳಿ ಸರಿ ಬಂದ ಮೇಲೆ ಅವರೇ ಮೌಸ್ ಹಿಡಿದು, ಕಣ್ಣು ಮುಚ್ಚಿ, ‘ಎಲ್ಲಾ ಬದಲಿಸು’ ಒತ್ತಿದ್ರು.

ತೆರೆದು ನೋಡಿದ್ವಿ. ಜ ಇಲ್ಲ. ಹಳ್ಳಿ ಮುಂದೆ, ಹೆಸರು ಹಿಂದೆ, ಪ್ರತಿ ನಂಬರಿನ ಹಣೆಗೂ ಒಂದು ‘2’. ಅವರವರ ನಂಬರು ಅವರವರಿಗೇ ಉಳಿದಿತ್ತು. ನಾನು ಕುಣಿಯೋಕೆ ಹೋಗಿ ಯುಪಿಎಸ್ ವೈರಿಗೆ ಕಾಲು ಸಿಕ್ಕಿಸಿಕೊಂಡೆ. ಅಕ್ಕ ಅದನ್ನ ಮೊದಲೇ ಕೈಯಲ್ಲಿ ಹಿಡ್ಕೊಂಡಿದ್ರು.

ಸೋಮವಾರ ಬೆಳಿಗ್ಗೆ ಹೊಸ ನಂಬರು ಜಾರಿಯಾಯ್ತು. ಶಿವಮೊಗ್ಗ ಬಸ್ಸು ಹೊರಡೋ ಮೊದಲು ಪ್ರಿಂಟೌಟ್ ಇಟ್ಕೊಂಡು ಅಕ್ಕ ಬೂತಲ್ಲಿ ಕೂತ್ರು. ಮೊದಲ ಫೋನು ಕೆರೆಕಟ್ಟೆಗೆ. ಒಂದೊಂದೇ ಅಂಕಿ ಜೋರಾಗಿ ಹೇಳುತ್ತಾ ಒತ್ತಿದ್ರು. ರಿಂಗಾಯ್ತು.

"ಹಲೋ? ಯಾರು? ಅಕ್ಕನಾ? ಅಯ್ಯೋ ದೇವ್ರೇ, ಬೆಳಬೆಳಿಗ್ಗೆ! ಯಾರು ಹೋದ್ರು?" ಅಮ್ಮನ ದನಿ ನನಗೂ ಕೇಳ್ತಿತ್ತು.

"ಯಾರೂ ಹೋಗಿಲ್ಲ ಮಾರಾಯ್ತಿ. ಎಲ್ಲ ಬಂದ್ರು" ಅಂದ್ರು ಅಕ್ಕ. ಕಣ್ಣು ತುಂಬಿತ್ತು.

ಆಮೇಲೆ ನನ್ನ ಕೈಲಿ ಕಣ್ಣು ಮುಚ್ಚಿಸಿ ಪುಟದ ಮೇಲೆ ಬೆರಳಿಡಿಸಿದ್ರು. ಬಸರೀಕಟ್ಟೆ ಜೀಪಿನವನು ಲೈನಿಗೆ ಬಂದ. "ಎಲ್ಲಿಗೆ ಬರ್ಬೇಕು?" ಅಂದ. ಎಲ್ಲಿಗೂ ಬೇಡ, ಸುಮ್ಮನೆ ಮಾಡಿದ್ದು ಅಂದೆ. "ಸುಮ್ಮನೆ ಯಾರಾದ್ರೂ ಫೋನ್ ಮಾಡ್ತಾರನಾ ಮಾರಾಯ!" ಅಂತ ಇಟ್ಟ. ಬೆರಳಿಟ್ಟ ಮನೆಯೆಲ್ಲ ಸಿಕ್ಕಿತು, ಎಲ್ಲರೂ ಬೈದ್ರು. ಅಷ್ಟು ಬೈಗುಳ ಅಷ್ಟು ಸಂತೋಷದಿಂದ ನಾನು ಯಾವತ್ತೂ ತಿಂದಿಲ್ಲ.

ಮಳೆ ಹಿಡಿಯೋ ಮೊದಲೇ ಡೈರೆಕ್ಟರಿ ಬಂತು, ನೇತುಹಾಕೋಕೆ ಮೂಲೆಯಲ್ಲಿ ದಾರ ಪೋಣಿಸಿ. ಕೊಪ್ಪದ ಪುಟದ ಮೊದಲ ಸಾಲಲ್ಲಿ, ಅಕ್ಷರಕ್ರಮಕ್ಕೆ ಕ್ಯಾರೇ ಅನ್ನದೆ, ‘ಎಕ್ಸ್‌ಚೇಂಜ್ ಅಕ್ಕ’ ಅಂತ ಬೂತಿನ ನಂಬರು. "ಪುಸ್ತಕ ಓದೋಕೆ ಬಾರದೋರು ಇರ್ತಾರೆ. ಮೊದಲ ಸಾಲು ಯಾರಾದ್ರೂ ತೋರಿಸಿಕೊಟ್ರೆ ಸಾಕು" ಅಂದ್ರು. ಮುಂದೆ ಒಂದು ಮಳೆಗಾಲ, ಕೆರೆಕಟ್ಟೆ ಅಮ್ಮನ ಫೋನು: "ಸೊಸೆಗೆ ಎರಡನೇದು ಅಕ್ಕ. ನಿಮ್ಮ ಪುಸ್ತಕ ನೋಡಿ ಜೀಪಿಗೆ ನಾನೇ ಮಾಡಿದೆ. ಬಂತು, ಆಸ್ಪತ್ರೆಗೆ ಹೋದ್ರು. ನಿಮಗೆ ಹೇಳ್ಬೇಕಂತ ಮಾಡಿದೆ, ಅಷ್ಟೇ." ಅಕ್ಕ ಅಷ್ಟನ್ನೂ ತಿರುಗಿ ಹೇಳಿದ್ರು, ಅಂಗಡಿಗೆ ಬಂದಿದ್ದ ಎಲ್ಲರಿಗೂ ಕೇಳೋ ಹಾಗೆ.

ಆಮೇಲೆ ಮೊಬೈಲು ಬಂತು. ಬೂತಿನ ಗಾಜಿನ ಬಾಗಿಲ ಹಿಂದೆ ಜೆರಾಕ್ಸ್ ಪೇಪರ್ ಬಂಡಲ್ಲು ಸೇರಿತು. ಅಕ್ಕ ಮಾತ್ರ ಬೂತಿನ ಕಪ್ಪು ಫೋನನ್ನ ದಿನಾ ಒರೆಸೋರು. ಹೋದ ವರ್ಷ ಅವರ ಎದೆ ಕೈಕೊಟ್ಟಿತು. ಶಿವಮೊಗ್ಗ ಆಸ್ಪತ್ರೆಯಲ್ಲಿ ನೋಡೋಕೆ ಹೋದಾಗ, ನರ್ಸ್ ಮಾತ್ರೆ ಯಾವಾಗ ಯಾವುದು ಅಂತ ಹೇಳ್ತಿದ್ರು, ಇವರು ಮೆಲ್ಲಗೆ ಒಪ್ಪಿಸ್ತಿದ್ರು. ನರ್ಸಿಗೆ ನಗು. ನಾನೂ ಏನಾದ್ರೂ ತಮಾಷೆ ಮಾಡ್ಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ. ಆ ಪ್ಲಸ್ ಗುರುತು ದಿಂಬಿನ ಮೇಲೆ ನೋಡಿ ಒಂದೂ ಬರ್ಲಿಲ್ಲ. "ಅಕ್ಕಾ, ಅಂಗಡಿ ನಾನು ನೋಡ್ಕೊಳ್ತೀನಿ" ಅಂದೆ.

"ಅಂಗಡಿ ನೀನು ನೋಡ್ಕೊಳ್ತಿ" ಅಂದ್ರು. ಸ್ವಲ್ಪ ಬಿಟ್ಟು ತಮ್ಮದು ಸೇರಿಸಿದ್ರು: "ಫೋನ್ ಎತ್ತು."

ಅದೇ ವಾರ ಹೋದ್ರು.

ಡೈರೆಕ್ಟರಿಯ ಹೊಸ ಮುದ್ರಣ ಈಗ ನಾನೇ ಮಾಡ್ತಿದೀನಿ, ಮೊಬೈಲ್ ನಂಬರೆಲ್ಲ ಸೇರಿಸಿ. ಬ್ರಾಕೆಟ್ ಹಾಕದೆ ಯಾವುದನ್ನೂ ಬದಲಿಸೋದಿಲ್ಲ. ದಿನದ ಫೈಲು ಪೆನ್ ಡ್ರೈವಿಗೆ ಹಾಕಿ ಅಕ್ಕಿ ಡಬ್ಬದಲ್ಲಿಡ್ತೀನಿ. ಒಂದು ಸಲ ಅದು ಅನ್ನದ ಪಾತ್ರೆಗೂ ಹೋಗಿತ್ತು, ಬೆಂದರೂ ಕೆಲಸ ಮಾಡ್ತು ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೀನಿ. ಕೊಪ್ಪದ ಪುಟದ ಮೊದಲ ಸಾಲು ಬಂದಾಗ ಕಂಪ್ಯೂಟರು ಕೇಳಿತು, ಬದಲಿಸಲೇ? ಬೇಡ ಅಂತ ಒತ್ತಿ ಮುಂದೆ ಹೋದೆ.

ಮೊನ್ನೆ ಜೋರು ಗಾಳಿ ಮಳೆಗೆ ಮೊಬೈಲ್ ಟವರೆಲ್ಲ ಮಲಗಿದ್ವು. ಮಧ್ಯಾಹ್ನ ಆ ಕಪ್ಪು ಫೋನು ಹೊಡ್ಕೊಂಡಿತು. ಪೇಪರ್ ಬಂಡಲ್ ಒದ್ದು ದಾರಿ ಮಾಡ್ಕೊಂಡು ಹೋಗಿ ಎತ್ತಿದೆ. ಯಾವುದೋ ಅಜ್ಜನ ದನಿ, ಗುರುತಿಲ್ಲ.

"ಅಕ್ಕಾ? ದನದ ಡಾಕ್ಟ್ರಿಗೆ ಕೊಡಿ ಅಕ್ಕ. ಗಬ್ಬದ ದನ, ಕರು ಅಡ್ಡ ಬಂದದೆ."

ಅಕ್ಕ ಇಲ್ಲ ಅಂತ ಹೇಳೋಕೆ ಬಾಯಿ ತೆರೆದೆ. ಆದ್ರೆ ಬಾಯಿಂದ ಬಂದದ್ದು ಬೇರೆ.

"ದನದ ಡಾಕ್ಟ್ರು. ಗಬ್ಬದ ದನ, ಕರು ಅಡ್ಡ ಬಂದಿದೆ." ಸ್ವಲ್ಪ ಬಿಟ್ಟು ನಂದು ಸೇರಿಸಿದೆ: "ಮನೆ ಹೆಸರು ಹೇಳಿ, ಫೋನ್ ಹತ್ರಾನೇ ಇರಿ ಅಜ್ಜ. ಈಗಲೇ ಅವರಿಗೆ ಹೇಳ್ತೀನಿ."